ತಿರುಪು ಬಲ್ಬಿನ ತಳವನ್ನು ಅಳೆದು ಗುರುತಿಸುವ ಬಗೆ

ಹೊಸ ಬಲ್ಬ್ ಕೊಳ್ಳುವಾಗ ಹೆಚ್ಚಿನವರು ನೋಡುವುದು ಗಾಜಿನ ಆಕಾರವನ್ನು ಮತ್ತು ವ್ಯಾಟನ್ನು. ಆದರೆ ಬಲ್ಬ್ ಹೋಲ್ಡರಿನಲ್ಲಿ ಕೂರುತ್ತದೆಯೇ ಇಲ್ಲವೇ ಎಂಬುದು ತೀರ್ಮಾನವಾಗುವುದು ತಳದ ಲೋಹದ ತಿರುಪಿನಿಂದ. ಆ ತಿರುಪನ್ನು ಇ27, ಇ14 ಎಂಬಂಥ ಗುರುತುಗಳಿಂದ ಸೂಚಿಸುತ್ತಾರೆ. ಇಲ್ಲಿ ‘ಇ’ (ಇಂಗ್ಲಿಷಿನ E) ಎಂಬುದು 1880ರ ದಶಕದಲ್ಲಿ ಈ ತಳವನ್ನು ಬಳಕೆಗೆ ತಂದ ಎಡಿಸನ್ ಹೆಸರಿನ ಮೊದಲಕ್ಷರ. ಮುಂದಿನ ಸಂಖ್ಯೆ ತಿರುಪಿನ ಹೊರವ್ಯಾಸವನ್ನು ಸರಿಸುಮಾರು ಮಿಲಿಮೀಟರಿನಲ್ಲಿ ಹೇಳುತ್ತದೆ. ತಳದಲ್ಲಿ ಸುರುಳಿಯ ಬದಲು ಎರಡು ಪುಟ್ಟ ಮೊಳೆಗಳು ಚಾಚಿಕೊಂಡಿದ್ದರೆ ಅದು ಪಿನ್ ಬಲ್ಬ್. ಅದರ ಲೆಕ್ಕವೇ ಬೇರೆ.

ಹಳೆಯ ಬಲ್ಬಿನ ಮೇಲಿನ ಗುರುತು ಅಳಿಸಿಹೋಗಿದ್ದರೆ ಅಳೆಯುವುದೊಂದೇ ದಾರಿ. ಸುರುಳಿಯ ಉಬ್ಬಿನಿಂದ ಎದುರು ಬದಿಯ ಉಬ್ಬಿನವರೆಗೆ ಅಳೆಯಬೇಕೇ ಹೊರತು ತಗ್ಗಿನಿಂದ ತಗ್ಗಿಗಲ್ಲ. ದುಂಡಗಿನ ವಸ್ತುವಿನ ಮೇಲೆ ಅಳತೆಪಟ್ಟಿ ಜಾರುವುದರಿಂದ, ಕಾಗದದ ಪಟ್ಟಿಯೊಂದನ್ನು ತಿರುಪಿನ ಸುತ್ತ ಬಿಗಿಯಾಗಿ ಸುತ್ತಿ, ತುದಿ ಕೂಡುವಲ್ಲಿ ಗುರುತು ಹಾಕಿ, ಆ ಉದ್ದವನ್ನು 3.14ರಿಂದ ಭಾಗಿಸುವುದು ನನಗೆ ಹೆಚ್ಚು ನಂಬಿಕೆಯ ವಿಧಾನವೆನಿಸುತ್ತದೆ. ಪಟ್ಟಿ ಸುಮಾರು 85 ಮಿಲಿಮೀಟರ್ ಬಂದರೆ ಇ27, ಸುಮಾರು 44 ಬಂದರೆ ಇ14.

ಮನೆಗಳಲ್ಲಿ ಹೆಚ್ಚಾಗಿ ಎದುರಾಗುವುದು ಈ ಎರಡೇ. ಇ10 ಹಳೆಯ ಟಾರ್ಚುಗಳ ಪುಟ್ಟ ಬಲ್ಬಿನದು. ಇ40 ಬೀದಿದೀಪ ಮತ್ತು ಕಾರ್ಖಾನೆಗಳ ಭಾರೀ ದೀಪಗಳದು. ಉತ್ತರ ಅಮೆರಿಕದಲ್ಲಿ ಇ27, ಇ14, ಇ40ಗಳ ಜಾಗದಲ್ಲಿ ಇ26, ಇ12, ಇ39 ಇವೆ. ಇವುಗಳಲ್ಲಿ ಇ12 ಮತ್ತು ಇ14 ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಇ26 ಮತ್ತು ಇ27 ಸಾಮಾನ್ಯವಾಗಿ ಒಂದರೊಳಗೊಂದು ಕೂರುತ್ತವೆ, ಮೋಸಹೋಗುವುದೂ ಅಲ್ಲಿಯೇ: 120 ವೋಲ್ಟಿಗೆ ಮಾಡಿದ, ಒಳಗಿನ ತಂತಿ ಕಾದು ಬೆಳಗುವ ಬಲ್ಬನ್ನು 230 ವೋಲ್ಟಿನ ಹೋಲ್ಡರಿಗೆ ಹಾಕಿದರೆ ಅದು ಬೇಗನೆ ಸುಟ್ಟುಹೋಗುತ್ತದೆ. ಆದ್ದರಿಂದ ತಳದ ಅಳತೆಯ ಜೊತೆಗೆ ವೋಲ್ಟನ್ನೂ, ಹೋಲ್ಡರಿನ ಮೇಲೆ ಬರೆದಿರುವ ಗರಿಷ್ಠ ವ್ಯಾಟನ್ನೂ ಓದಬೇಕು.

ಬಲ್ಬ್ ಬದಲಿಸುವಾಗ ಗೋಡೆಯ ಸ್ವಿಚ್ಚನ್ನಷ್ಟೇ ನಂಬದೆ ಮುಖ್ಯ ಸರಬರಾಜನ್ನು ನಿಲ್ಲಿಸಿ, ಬಲ್ಬ್ ತಣಿಯುವವರೆಗೆ ಕಾಯಬೇಕು. ಹೋಲ್ಡರಿನ ತಳದ ನಡುವಿನ ಲೋಹದ ನಾಲಿಗೆಗೆ ಫೇಸ್ ತಂತಿಯೂ ಸುತ್ತಲಿನ ತಿರುಪಿಗೆ ನ್ಯೂಟ್ರಲ್ ತಂತಿಯೂ ಸೇರಿರಬೇಕೆಂಬುದು ನಿಯಮ. ಇವು ಅದಲುಬದಲಾಗಿದ್ದರೆ ಬಲ್ಬ್ ತಿರುಗಿಸುವಾಗ ಬೆರಳಿಗೆ ತಾಗುವ ಲೋಹದಲ್ಲೇ ವಿದ್ಯುತ್ ಇರುತ್ತದೆ. ಬಲ್ಬನ್ನು ನೇರವಾಗಿ ಹಿಡಿದು ಬಲಕ್ಕೆ ತಿರುಗಿಸಿ, ತಡೆ ಸಿಕ್ಕ ಕೂಡಲೇ ನಿಲ್ಲಿಸಬೇಕು. ಅತಿಯಾಗಿ ಬಿಗಿದರೆ ಆ ನಾಲಿಗೆ ಚಪ್ಪಟೆಯಾಗಿ, ಮುಂದಿನ ಬಲ್ಬಿನ ತುದಿಗೆ ತಾಗದೆ, ಬಲ್ಬೇ ಕೆಟ್ಟಿದೆಯೆಂಬ ಭ್ರಮೆ ಹುಟ್ಟಿಸುತ್ತದೆ.

ಅಳತೆ ಹೊಂದದ ಬಲ್ಬನ್ನು ಇ27ರಿಂದ ಇ14ಕ್ಕೆ ಬದಲಿಸುವ ಅಡಾಪ್ಟರಿನಿಂದ ಕೂರಿಸಬಹುದಾದರೂ, ಬಲ್ಬ್ ಅಷ್ಟು ಮುಂದಕ್ಕೆ ಚಾಚುವುದರಿಂದ ದೀಪದ ಮುಚ್ಚಳ ಹಾಕಲಾಗದಿರಬಹುದು. ಕೊಳ್ಳುವ ಮುನ್ನ ಒಳಗಿನ ಜಾಗವನ್ನೂ ಅಳೆದುಕೊಳ್ಳಿ.