ನಗರದ ಹತ್ತಿರದ ಮಳೆಕಾಡು: ಯಾವ ಉದ್ಯಾನಕ್ಕೆ ಹೋಗುವುದೆಂದು ನಿರ್ಧರಿಸುವುದು ಹೇಗೆ?

ಮಳೆಕಾಡಿಗೆ ಜೀವ ಬರುವುದು ನಸುಕಿನಲ್ಲಿ. ಬೆಳಕು ಹರಿದ ಮೇಲಿನ ಎರಡು ಗಂಟೆ ಹಕ್ಕಿಗಳು ಕೂಗುತ್ತವೆ, ಮಂಗಗಳು ಮೇವಿಗೆ ಇಳಿಯುತ್ತವೆ. ಬಿಸಿಲೇರಿತೆಂದರೆ ಜೀರುಂಡೆಗಳ ಸದ್ದೇ ಹೆಚ್ಚು. ಹಾಗಾಗಿ ಒಂದು ನಗರದಿಂದ ಹೋಗಿಬರಬಹುದಾದ ಉದ್ಯಾನಗಳ ಪಟ್ಟಿ ಕೈಗೆ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಆ ಎರಡು ಗಂಟೆ ಎಲ್ಲಿ ಸಿಗುತ್ತದೆ?

ಕಿಲೋಮೀಟರ್ ಬಿಡಿ, ಗಂಟೆ ಎಣಿಸಿ

ಬ್ರೆಜಿಲ್‌ನ ಟಿಜುಕಾ ರಾಷ್ಟ್ರೀಯ ಉದ್ಯಾನ ರಿಯೊ ಡಿ ಜನೈರೊ ನಗರದ ಒಳಗೇ ಇದೆ. ಪನಾಮ ಸಿಟಿಯಿಂದ ಸೊಬೆರಾನಿಯಾ ಉದ್ಯಾನವೂ ದೂರವಿಲ್ಲ. ಇಂಥ ಕಡೆ ನಗರದಲ್ಲೇ ಮಲಗಿ ಕತ್ತಲಿರುವಾಗ ಹೊರಟರೆ ಸಾಕು. ಮಡಗಾಸ್ಕರ್‌ನ ಅಂತಾನನರಿವೊದಿಂದ ಅಂಡಸಿಬೆ-ಮಂತಾಡಿಯಾಕ್ಕೆ ಸುಮಾರು 150 ಕಿ.ಮೀ. ಎಂದು ಓದಿದಾಗ ಹತ್ತಿರವೆನಿಸುತ್ತದೆ. ಆದರೆ ತಿರುವುಗಳ ರಸ್ತೆಯಲ್ಲಿ ಅರ್ಧ ದಿನವೇ ಕಳೆದುಹೋಗುತ್ತದೆ. ಹೋಗುವ ದಾರಿಯೊಂದೇ ಎರಡು ಗಂಟೆ ಮೀರುವುದಾದರೆ ಕಾಡಿನ ಗೇಟಿನ ಬಳಿ ಒಂದು ರಾತ್ರಿ ತಂಗಿ. ಅಷ್ಟು ಬಿಡುವಿಲ್ಲದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆದುಬಿಡಿ. ನಡುಹಗಲಿನಲ್ಲಿ ತಲುಪಿ, ಏನೂ ಕಾಣಲಿಲ್ಲವೆಂದು ಬೇಸರದಿಂದ ಮರಳುವುದಕ್ಕಿಂತ ಅದೇ ಮೇಲು.

ಅದು ಯಾವ ಬಗೆಯ ಕಾಡು?

ಒಂದೇ ಉದ್ಯಾನದಲ್ಲಿ ಹಲವು ಬಗೆಯ ಕಾಡುಗಳಿರುತ್ತವೆ. 1962ರಲ್ಲಿ ಥಾಯ್ಲೆಂಡ್‌ನ ಮೊದಲ ರಾಷ್ಟ್ರೀಯ ಉದ್ಯಾನವಾದ ಖಾವೊ ಯಾಯ್‌ನಲ್ಲಿ ನಿತ್ಯಹರಿದ್ವರ್ಣ ಕಾಡಿನ ನಡುವೆ ಹುಲ್ಲುಗಾವಲುಗಳೂ ಇವೆ. ಮಳೆಕಾಡೇ ಬೇಕೆಂದರೆ ಉದ್ಯಾನದ ಜೊತೆಗೆ ನಡೆಯುವ ದಾರಿಯನ್ನೂ ನೋಡಿ ಆರಿಸಬೇಕು. ಎತ್ತರವನ್ನೂ ಗಮನಿಸಿ. ಜಕಾರ್ತಾದಿಂದ ಹೋಗಿಬರಬಹುದಾದ ಗುನುಂಗ್ ಗೆಡೆ ಪಂಗ್ರಾಂಗೊದ ಶಿಖರಗಳು 3,000 ಮೀಟರ್‌ಗಳ ಆಸುಪಾಸಿನವು. ಮೇಲೇರಿದಂತೆ ಚಳಿ ಹೆಚ್ಚುತ್ತದೆ, ಮರಗಳು ಗಿಡ್ಡವಾಗಿ ಪಾಚಿ ಹೊದ್ದಿರುತ್ತವೆ. ಆಳೆತ್ತರದ ಹಲಗೆಬೇರಿನ ಮಹಾವೃಕ್ಷಗಳನ್ನು ನೋಡುವ ಆಸೆಯಿದ್ದರೆ ತಗ್ಗುಪ್ರದೇಶದ ಕಾಡನ್ನೇ ಹುಡುಕಿ.

ಕಾಡಿನೊಳಗೆ ಒಂದು ಎಲೆಯನ್ನು ಅಂಗೈ ಮೇಲೆ ಹರಡಿಕೊಂಡು ನೋಡಿ. ತುದಿ ಸಪೂರವಾಗಿ ಬಾಲದಂತೆ ಚಾಚಿಕೊಂಡಿರುತ್ತದೆ. ನೀರು ಆ ಬಾಲದ ಕೊನೆಗೆ ಓಡಿಬಂದು ಹನಿಯಾಗಿ ಉದುರುತ್ತದೆ, ಎಲೆ ಬೇಗ ಒಣಗುತ್ತದೆ. ವರ್ಷವಿಡೀ ನೆನೆಯುವ ಕಾಡಿನ ಗುರುತು ಅದು.

ಮನುಷ್ಯರು ನೆಟ್ಟ ಕಾಡೆಂದು ಟಿಜುಕಾವನ್ನು ಕಡೆಗಣಿಸಬೇಡಿ. ಕಾಫಿ ತೋಟಗಳಿಗಾಗಿ ಬೆಟ್ಟಗಳು ಬೋಳಾಗಿ, ನಗರಕ್ಕೆ ನೀರಿನ ಅಭಾವ ತಲೆದೋರಿದ ಮೇಲೆ 1861ರಿಂದ ಅಲ್ಲಿ ಸಸಿ ನೆಡಲಾಯಿತು. ಮೊದಲ ವರ್ಷಗಳಲ್ಲಿ ಮಣ್ಣು ಅಗೆದು ನೆಟ್ಟವರು ಗುಲಾಮಗಿರಿಯಲ್ಲಿದ್ದ ಜನ. ಅವರ ಕೈಯ ಕಾಡಿನಲ್ಲಿ ನಡೆಯುವುದು ನನಗಂತೂ ಬೇರೆಯೇ ಅನುಭವ.

ದೊಡ್ಡದೋ, ಚಿಕ್ಕದೋ?

ಮಲೇಷ್ಯಾದ ತಮನ್ ನೆಗಾರ 4,343 ಚದರ ಕಿ.ಮೀ. ವಿಸ್ತಾರವಾಗಿದೆ. ಹುಲಿಯೂ ಇದೆ, ಆದರೆ ಅದು ಕಣ್ಣಿಗೆ ಬೀಳುವುದು ತೀರಾ ಅಪರೂಪ. ಅಲ್ಲಿಗೆ ನದಿಗಾಗಿ, ಮರಗಳಿಗಾಗಿ ಹೋಗಬೇಕು. ಅದೇ ದೇಶದ ಕುಚಿಂಗ್ ನಗರದ ಹತ್ತಿರದ ಬಾಕೊ ಉದ್ಯಾನ ಸುಮಾರು 27 ಚದರ ಕಿ.ಮೀ. ಅಷ್ಟೇ. ಆದರೂ ಅಲ್ಲಿ ಉದ್ದ ಮೂಗಿನ ಪ್ರೊಬೊಸಿಸ್ ಮಂಗಗಳು ಕಡಲಂಚಿನ ಮರಗಳಿಗೇ ಬರುತ್ತವೆ. ಮೊದಲ ಸಲ ಹೋಗುವವರಿಗೆ ನಾನು ಚಿಕ್ಕ ಉದ್ಯಾನವನ್ನೇ ಹೇಳುತ್ತೇನೆ. ಅಂಡಸಿಬೆಗೆ ಅರ್ಧ ದಿನದ ಪ್ರಯಾಣ ಮಾಡಿಯೂ ಹೋಗಬೇಕೆನ್ನುವುದು ಮಂಗಗಳ ದೂರದ ಬಂಧುವಾದ, ಇಂಡ್ರಿ ಎಂಬ ದೊಡ್ಡ ಲೆಮರ್‌ಗಾಗಿ. ಬೆಳಗ್ಗೆ ಒಂದು ಕುಟುಂಬ ಎಳೆದೆಳೆದು ಕೂಗಿದರೆ ಆಚೆ ಗುಡ್ಡದ ಕುಟುಂಬ ಮಾರುತ್ತರ ಕೊಡುತ್ತದೆ.

ಹೊರಡುವ ಮುನ್ನ

ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ, ಒಳಗೆ ತಂಗಿದವರು ಅದಕ್ಕೂ ಮುಂಚೆ ನಡೆಯಬಹುದೇ, ಪರವಾನಗಿ ಬೇಕೇ ಎಂದು ಉದ್ಯಾನದ ಕಚೇರಿಯನ್ನೇ ಕೇಳಿ. ಋತುವಿನ ಬಗ್ಗೆಯೂ ವಿಚಾರಿಸಿ: ಬಾಕೊಗೆ ದೋಣಿಯಲ್ಲೇ ಹೋಗಬೇಕು, ವರ್ಷದ ಕೊನೆಯ ಮಾನ್ಸೂನಿನಲ್ಲಿ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಕಡ್ಡಾಯವಿಲ್ಲದಿದ್ದರೂ ಮಾರ್ಗದರ್ಶಿಯನ್ನು ಕರೆದುಕೊಳ್ಳಿ. ದಟ್ಟ ಮಳೆಕಾಡಿನ ನೆಲಕ್ಕೆ ತಲುಪುವುದು ನೂರರಲ್ಲಿ ಒಂದೆರಡು ಪಾಲು ಬೆಳಕು ಮಾತ್ರ. ಆ ಮಬ್ಬಿನಲ್ಲಿ ಹೊಸಬರ ಕಣ್ಣಿಗೆ ಎಲ್ಲವೂ ಎಲೆಯೇ.

ಏಷ್ಯಾದ ಕಾಡುಗಳಲ್ಲಿ ಉಂಬಳಗಳಿವೆ. ಒದ್ದೆ ಎಲೆಯ ಮೇಲೆ ದಾರದೆಳೆಯಂತೆ ಎದ್ದು ನಿಂತು, ತಲೆಯಾಡಿಸುತ್ತ ನಮ್ಮ ಉಸಿರಿನ ಜಾಡು ಹಿಡಿಯುತ್ತವೆ. ಪ್ಯಾಂಟಿನ ಅಂಚನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ. ಕಚ್ಚಿದರೆ ಎಳೆಯಬೇಡಿ, ಅದರ ಬಾಯಿಯ ಅಂಚಿಗೆ ಉಗುರು ತೂರಿಸಿ ಮೆಲ್ಲಗೆ ಜಾರಿಸಿ. ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ.

ಇನ್ನೊಂದು ಮಾತು. ಅದೇ ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ. ಈ ಕಾಡುಗಳಲ್ಲಿ ಮಧ್ಯಾಹ್ನ ಮಳೆ ಹಿಡಿದರೆ ರಸ್ತೆಯಲ್ಲಿ ವಾಹನಗಳು ತೆವಳುತ್ತವೆ, ದೋಣಿ ದಡದಲ್ಲೇ ನಿಲ್ಲುತ್ತದೆ.