ಮಂಚದ ಕೆಳಗಿನ ಕಟ್ಟುಗಳು

ನನ್ನ ಮೊದಲ ಕಥಾಸಂಕಲನ 500 ಪ್ರತಿ ಅಚ್ಚಾಯಿತು. ಬಿಡುಗಡೆಯ ದಿನ ನೂರರ ಹತ್ತಿರ ಹೋದವು, ಅದರಲ್ಲೂ ಅರ್ಧ ನಾನೇ ಸಹಿ ಹಾಕಿ ಕೊಟ್ಟ ಗೌರವ ಪ್ರತಿಗಳು. ಉಳಿದ ಕಟ್ಟುಗಳು ಮಂಚದ ಕೆಳಗೆ ಸೇರಿದವು. ಕಸ ಗುಡಿಸುವಾಗ ಪೊರಕೆ ತಾಗಿದರೆ ಯಾರೋ ನನ್ನನ್ನೇ ಬೈದ ಹಾಗೆ ಆಗುತ್ತಿತ್ತು.

ಆಮೇಲೆ ಎರಡು ತಿಂಗಳು ದಿನಾ ಮುಖಪುಟದ ಚಿತ್ರ ಫೇಸ್‌ಬುಕ್ಕಿಗೆ ಹಾಕಿದೆ. 'ಅಭಿನಂದನೆಗಳು' ಧಾರಾಳವಾಗಿ ಬಂದವು, ಆರ್ಡರ್ ಬರಲಿಲ್ಲ. ಕೊನೆಗೆ ಗೆಳೆಯನೊಬ್ಬ ಮುಲಾಜಿಲ್ಲದೆ ಕೇಳಿದ: "ಪುಸ್ತಕ ಬಂದಿದೆ ಅಂತ ನಲವತ್ತು ಸಲ ಹೇಳಿದೆ ಮಾರಾಯ. ಒಳಗೇನಿದೆ ಅಂತ ಒಂದು ಸಲನಾದ್ರೂ ಹೇಳಿದ್ಯಾ?"

ಬೆನ್ನುಡಿ ತೆಗೆದು ನೋಡಿದೆ. 'ಬದುಕಿನ ವಿವಿಧ ಮಗ್ಗುಲುಗಳನ್ನು ಸೂಕ್ಷ್ಮವಾಗಿ ಕಟ್ಟಿಕೊಡುವ ಕಥೆಗಳು.' ಯಾವ ಪುಸ್ತಕದ ಬೆನ್ನಿಗೆ ಅಂಟಿಸಿದರೂ ಒಪ್ಪುವ ಮಾತು! ಅಚ್ಚಾದದ್ದನ್ನು ಅಳಿಸುವಂತಿರಲಿಲ್ಲ. ಆನ್‌ಲೈನ್ ಮಳಿಗೆಯ ವಿವರಣೆಯನ್ನಷ್ಟೇ ಬದಲಿಸಿದೆ: 'ತೀರಿಹೋದ ಅಪ್ಪನ ಫೋನಿಗೆ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವ ಮಗಳು. ಒಂದು ರಾತ್ರಿ ಆ ನಂಬರಿನಿಂದಲೇ ಕರೆ ಬರುತ್ತದೆ.'

ಅದೇ ಕಥೆಯ ಮೊದಲ ಒಂದೂವರೆ ಪುಟ ಟೈಪ್ ಮಾಡಿ, ಫೋನ್ ರಿಂಗಾಗುವಲ್ಲಿಗೆ ನಿಲ್ಲಿಸಿ ಹಾಕಿದೆ. ಮುಂದಿನದು ಬೇಕಾದವರು ಕೇಳಿ, ಇಡೀ ಕಥೆ ಕಳಿಸುತ್ತೇನೆ ಅಂದೆ. ಪ್ರಕಾಶಕರಿಗೆ ಇದು ಹಿಡಿಸಲಿಲ್ಲ, ಪುಕ್ಕಟೆ ಕೊಟ್ಟರೆ ಕೊಳ್ಳುವವರು ಯಾರು ಅನ್ನುವುದು ಅವರ ವಾದ. 31 ಜನ ಕೇಳಿದರು, ಹನ್ನೆರಡು ಜನ ಪುಸ್ತಕ ತರಿಸಿಕೊಂಡರು. ಆ 31 ಹೆಸರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಪಕ್ಕದಲ್ಲಿ ಯಾರಿಗೆ ಯಾವ ಕಥೆ ಹಿಡಿಸಿತು ಅನ್ನುವುದನ್ನೂ.

ಹೆಸರು ನೂರು ದಾಟಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ (ಒಂದೇ ಸಂದೇಶ ಹಲವರಿಗೆ ಬೇರೆಬೇರೆಯಾಗಿ ಹೋಗುವ ವ್ಯವಸ್ಥೆ) ಮಾಡಿ ಸಂದೇಶ ಕಳಿಸಿದೆ. ಬಹುತೇಕರಿಂದ ಸದ್ದೇ ಇಲ್ಲ. ಮುನಿಸಿಕೊಂಡರೇನೋ ಅಂದುಕೊಂಡಿದ್ದೆ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ ಅನ್ನುವುದು ತಿಳಿದದ್ದು ಆಮೇಲೆ. ಅಂದಿನಿಂದ ಪ್ರತಿ ಪುಸ್ತಕದ ಕೊನೆಯ ಪುಟಕ್ಕೆ ಚೀಟಿ ಅಂಟಿಸುತ್ತೇನೆ: 'ಓದಿದ ಮೇಲೆ ಒಂದು ಸಾಲು ಬರೆಯಿರಿ, ಈ ನಂಬರ್ ಸೇವ್ ಮಾಡಿಕೊಳ್ಳಿ.'

ವಿಮರ್ಶೆಯ ವಿಷಯದಲ್ಲೂ ಎಡವಿದೆ. ಅಕ್ಕ, ಭಾವ, ಚಿಕ್ಕಪ್ಪನ ಮಗ ಎಲ್ಲರಿಂದಲೂ ಅಮೆಜಾನ್‌ನಲ್ಲಿ ಐದೈದು ನಕ್ಷತ್ರ ಹಾಕಿಸಿದ್ದೆ. ಮನೆಯವರು, ಆಪ್ತರು ವಿಮರ್ಶೆ ಬರೆಯುವಂತಿಲ್ಲ ಎಂಬುದು ಅಲ್ಲಿನ ನಿಯಮ. ಕೆಲವು ಮಾಯವಾದವು. ಆಗ ಸಿಟ್ಟು ಬಂದಿತ್ತು. ಈಗ ಓದಿದರೆ, ಭಾವ ಪುಸ್ತಕ ತೆರೆದೇ ಇರಲಿಲ್ಲ ಅನ್ನುವುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಆಮೇಲೆ ಓದುಗರು ಪುಸ್ತಕಗಳ ಬಗ್ಗೆ ಬರೆಯುವ ಗುಡ್‌ರೀಡ್ಸ್ ಜಾಲತಾಣದಲ್ಲಿ ನನ್ನ ಬಗೆಯ ಕಥೆಗಳ ಮೇಲೆ ಬರೆಯುವ ಹದಿನೈದು ಅಪರಿಚಿತರನ್ನು ಹುಡುಕಿ ಪ್ರತಿ ಕಳಿಸಿದೆ, ಇಷ್ಟವಾಗದಿದ್ದರೆ ಹಾಗೇ ಬರೆಯಿರಿ ಅಂತ ಕೇಳಿಕೊಂಡು. ಆರು ಜನ ಬರೆದರು. ಕೊನೆಯ ಎರಡು ಕಥೆ ಕೈಬಿಡಬೇಕಿತ್ತು ಅಂತ ಒಬ್ಬರು. ಆ ವಿಮರ್ಶೆ ಓದಿಯೇ ಪುಸ್ತಕ ಕೊಂಡೆವು ಅಂದವರು ಮೂವರು ಸಿಕ್ಕಿದ್ದಾರೆ.

ಮುಖಪುಟದ ಬಗ್ಗೆ ಒಂದೇ ಮಾತು: ಫೋನಿನಲ್ಲಿ ಅದು ಹೆಬ್ಬೆಟ್ಟಿನ ಉಗುರಿನಷ್ಟೇ ಕಾಣುತ್ತದೆ, ಆ ಗಾತ್ರದಲ್ಲಿ ಹೆಸರು ಓದಲು ಬರುತ್ತದಾ ನೋಡಿ.

ನನಗೆ ಅತಿ ಹೆಚ್ಚು ಓದುಗರನ್ನು ಕೊಟ್ಟದ್ದು ಎಂಟು ಜನರ ಒಂದು ಓದುಬಳಗ. ಅಪ್ಪನ ನಂಬರಿನ ಆ ಕಥೆ ಓದಿ, ಫೋನ್ ಮಾಡಿದ್ದು ಯಾರು ಅಂತ ಅವರವರೇ ಜಗಳಕ್ಕೆ ನಿಂತರು. ಉತ್ತರ ಹೇಳಲು ನಾಲಿಗೆ ತುರಿಸುತ್ತಿತ್ತು, ಕಚ್ಚಿಕೊಂಡು ಕೂತೆ. ಆ ಜಗಳವನ್ನು ಅವರು ಮನೆಗೂ ಕಚೇರಿಗೂ ಒಯ್ದರು. ಮುಂದಿನ ತಿಂಗಳಿಡೀ "ಆ ಫೋನಿನ ಕಥೆ ಇರೋ ಪುಸ್ತಕ ಇದೆಯಾ?" ಎಂಬ ಕರೆಗಳು. ನನ್ನ ಹೆಸರು ಯಾರಿಗೂ ನೆನಪಿರಲಿಲ್ಲ.

ಎರಡನೆಯ ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ನೋಟ್‌ಬುಕ್ಕಿನವರಿಗೆ ಒಬ್ಬೊಬ್ಬರಿಗೇ ಬರೆದೆ. 90 ಜನ ಮುಂಗಡ ಕೊಟ್ಟರು. ಈ ಸಲ 300 ಪ್ರತಿ ಮಾತ್ರ ಹಾಕಿಸಿದೆ. ಮಂಚದ ಕೆಳಗೆ ಮೊದಲ ಪುಸ್ತಕದ ಒಂದು ಕಟ್ಟು ಇನ್ನೂ ಇದೆ.