ಡಿಸ್ಕೌಂಟ್ ಬ್ರೋಕರ್ ಆ್ಯಪ್‌ನಲ್ಲಿ ಮೊದಲ ಷೇರು ಕೊಳ್ಳುವುದು ಹೇಗೆ?

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದವರಿಗೆ ದಲಾಲರ ಕೆಲಸ ಗೊತ್ತು. ಮಾಲು ಇಳಿಸಿಕೊಳ್ಳುತ್ತಾರೆ, ಅಡಚಣೆಗೆ ಮುಂಗಡವನ್ನೂ ಕೊಡುತ್ತಾರೆ. ಷೇರು ಪೇಟೆಯ ಹಳೆಯ ಬ್ರೋಕರುಗಳೂ ಹಾಗೆಯೇ. ಸಲಹೆ ಕೊಟ್ಟು, ವ್ಯವಹಾರದ ಮೊತ್ತದ ಮೇಲೆ ದಲಾಲಿ ಹಿಡಿಯುತ್ತಾರೆ. ಡಿಸ್ಕೌಂಟ್ ಬ್ರೋಕರು ಸಲಹೆಯ ಗೋಜಿಗೆ ಹೋಗುವುದಿಲ್ಲ. ಆ್ಯಪ್ ಕೊಟ್ಟು, ಒಂದು ಆರ್ಡರಿಗೆ ಸಾಮಾನ್ಯವಾಗಿ 20 ರೂಪಾಯಿಯೊಳಗೆ ತೆಗೆದುಕೊಳ್ಳುತ್ತಾರೆ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಝೆರೋಧಾದಿಂದ ಈ ಪದ್ಧತಿ ಮನೆಮಾತಾಯಿತು.

ಮೊದಲು ಖಾತೆ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ನಾಮಿನಿ ಹೆಸರು ಮಾತ್ರ ಬಿಡಬೇಡಿ.

ಆಮೇಲೆ ಆರ್ಡರ್. ಜನ ಎಡವುವುದು ಇಲ್ಲಿಯೇ, ನಿಧಾನವಾಗಿ ಓದಿ. ಪರದೆಯಲ್ಲಿ ಡೆಲಿವರಿ, ಇಂಟ್ರಾಡೇ ಎಂದು ಎರಡು ಆಯ್ಕೆ ಇರುತ್ತವೆ. ಕೆಲವು ಆ್ಯಪ್‌ಗಳಲ್ಲಿ ಇವೇ ಸಿಎನ್‌ಸಿ, ಎಂಐಎಸ್. ಷೇರು ಇಟ್ಟುಕೊಳ್ಳುವವರು ಡೆಲಿವರಿಯನ್ನೇ ಒತ್ತಬೇಕು. ಇಂಟ್ರಾಡೇ ಎಂದರೆ ಕೊಂಡ ದಿನವೇ ಮಾರುವುದು. ಅದನ್ನು ಒತ್ತಿದರೆ ಪೇಟೆ ಮುಚ್ಚುವ 3.30ಕ್ಕೆ ಮೊದಲೇ ಬ್ರೋಕರು ತಾನಾಗಿ ಮಾರಿಬಿಡುತ್ತಾರೆ, ಅದಕ್ಕೆ ಬೇರೆ ಶುಲ್ಕವನ್ನೂ ಹಾಕಬಹುದು. ಧಾರವಾಡದಲ್ಲಿ ನಮ್ಮ ಓಣಿಯ ಕಾಕಾ ಒಬ್ಬರಿಗೆ ಹೀಗೇ ಆಯಿತು. ‘ತಮ್ಮಾ, ನಾ ಮಾರೇ ಇಲ್ಲ, ಷೇರು ಎಲ್ಲಿ ಹೋದ್ವು?’ ಎಂದು ಫೋನ್ ಹಿಡಿದು ಬಂದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಇಂಟ್ರಾಡೇಯಲ್ಲಿ ಕೈಲಿರುವ ಹಣಕ್ಕಿಂತ ಜಾಸ್ತಿ ಮೊತ್ತದ ಷೇರು ಕೊಳ್ಳಬಹುದು, ಅದೇ ಸೆಳೆತ. 2022-23ರಲ್ಲಿ ಇಂಟ್ರಾಡೇ ಮಾಡಿದ 10 ಜನರಲ್ಲಿ 7 ಮಂದಿ ಹಣ ಕಳೆದುಕೊಂಡರು ಎಂದು ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಹೇಳಿದೆ. ಹೊಸಬರು ಅದನ್ನು ಮುಟ್ಟಲೇಬಾರದು.

ಇನ್ನೊಂದು ಆಯ್ಕೆ ಮಾರ್ಕೆಟ್, ಲಿಮಿಟ್. ಮಾರ್ಕೆಟ್ ಎಂದರೆ ಆ ಕ್ಷಣಕ್ಕೆ ಸಿಕ್ಕ ದರ. ವಹಿವಾಟು ಕಡಿಮೆ ಇರುವ ಷೇರಿನಲ್ಲಿ ಅದು ನೀವು ನೋಡಿದ ದರಕ್ಕಿಂತ ಬಹಳ ಮೇಲಿರಬಹುದು. ಲಿಮಿಟ್ ಹಾಕಿ, ನಿಮ್ಮ ದರ ನೀವೇ ಬರೆಯಿರಿ. ಆ ದರಕ್ಕೆ ಸಿಗದಿದ್ದರೆ ಸಂಜೆ ಆರ್ಡರ್ ರದ್ದಾಗುತ್ತದೆ, ನಾಳೆ ಮತ್ತೆ ಹಾಕಿದರಾಯಿತು. ಟೆಲಿಗ್ರಾಂ ಗುಂಪಿನ ‘ಟಿಪ್ಸ್’ ನಂಬಿ ಸುಮ್ನೆ ಒತ್ತಬೇಡಿ.

ಕೊಂಡ ಷೇರು ಮರುದಿನದ ವಹಿವಾಟಿಗೆ ನಿಮ್ಮ ಡಿಮ್ಯಾಟ್ ಖಾತೆಗೆ, ಅಂದರೆ ಷೇರುಗಳನ್ನು ಡಿಜಿಟಲ್ ರೂಪದಲ್ಲಿ ಇಡುವ ಖಾತೆಗೆ, ಬರುತ್ತದೆ.

ಕೆಲವು ಆ್ಯಪ್‌ಗಳು ಸಾರುವ ‘ಶೂನ್ಯ ದಲಾಲಿ’ ಎಂದರೆ ಖರ್ಚೇ ಇಲ್ಲ ಅಂತಲ್ಲ. 10,000 ರೂಪಾಯಿಯ ಷೇರನ್ನು ಡೆಲಿವರಿಯಲ್ಲಿ ಕೊಂಡರೆ ವಹಿವಾಟು ತೆರಿಗೆ 10 ರೂಪಾಯಿ, ಮುದ್ರಾಂಕ ಶುಲ್ಕ ಒಂದೂವರೆ ರೂಪಾಯಿ. ಮಾರುವಾಗ ತೆರಿಗೆಯ ಜೊತೆ ಡಿಮ್ಯಾಟ್ ಶುಲ್ಕವೂ ಇದೆ. ಅದು ಒಂದು ಕಂಪನಿಯ ಷೇರಿಗೆ ದಿನಕ್ಕೊಮ್ಮೆ ಬೀಳುತ್ತದೆ, ಒಂದು ಷೇರು ಮಾರಿದರೂ ಅಷ್ಟೇ, ನೂರು ಮಾರಿದರೂ ಅಷ್ಟೇ. ಮಾರುವುದಿದ್ದರೆ ಒಂದೇ ದಿನ ಮಾರಿ.